ಬಾಗಿಲ ಹಿಂದಿನ ಸಿಲಿಂಡರ್

ಹೊತ್ತಿಗೆ ಸರಿಯಾಗಿ ಬಾಯಿಂದ ಮಾತೇ ಹೊರಡದಿದ್ದರೆ? ಕಾಫಿ ತಟ್ಟೆ ಹಿಡಿದು ಹೊರಟವಳಿಗೆ ಅದೊಂದೇ ಅಳುಕು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದವಳು, ಈ ಹುಡುಗನ ಮನೆಯವರ ಫೋಟೋ ನೋಡಿದ್ದೇ ಹೂಂ ಎಂದಿದ್ದಳು.

ಅಮ್ಮ ಆಕ್ಸಿಜನ್ ಸಿಲಿಂಡರನ್ನು ಬಾಗಿಲ ಹಿಂದೆ ಬಚ್ಚಿಟ್ಟಿದ್ದಳು. ಒಂದು ಕಣ್ಣಿನ ಹಿಂದೆ ಕೆಂಡ ಇಟ್ಟಂತೆ ಬರುವ ಮಗಳ ತಲೆನೋವು ಅದರ ಗಾಳಿ ಉಸಿರಾಡಿದರಷ್ಟೇ ಬಗ್ಗುತ್ತಿತ್ತು. ಅದು ಗೊತ್ತಾಗುವ ತನಕ, ಓದುತ್ತಿದ್ದ ಊರಿನಲ್ಲಿ, ಹಾಸ್ಟೆಲ್ ಪಕ್ಕದ ಡಾಕ್ಟರು "ನಾಟಕ ಸಾಕು. ಮದುವೆ ಆಗಮ್ಮ, ತಾನೇ ಹೋಗುತ್ತೆ" ಎಂದು ನಕ್ಕು ಕಳಿಸುತ್ತಿದ್ದರು.

"ಹುಡುಗಿಗೆ ಕಾಯಿಲೆ ಕಸಾಲೆ ಏನೂ ಇಲ್ಲ ತಾನೇ?" ಹುಡುಗನ ತಂದೆ ಕೇಳಿದರು.

"ಅಯ್ಯೋ, ನೆಗಡೀನೂ ಬರಲ್ಲ ಇವಳಿಗೆ," ಎಂದಳು ಅಮ್ಮ.

ಮಗಳು ಹುಡುಗನ ತಂದೆಯ ಕೈಗೆ ಕಾಫಿ ಕೊಟ್ಟು, ಮೊದಲ ಸಲ ತಲೆ ಎತ್ತಿದಳು.

"ತಲೆನೋವಿದೆ. ಮದುವೆಯಾದ್ರೆ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ, ಡಾಕ್ಟ್ರೇ."