ಮಾತಾಡಲು ಬಂದವರು

ಜ್ಯೋತ್ಸ್ನಾ ಸಂಘದ ಕಚೇರಿಯ ಬೆಂಚಿನ ಈ ತುದಿಯಲ್ಲಿ ಕುಳಿತು, ಆ ತುದಿಯಲ್ಲಿದ್ದವರ ತೊಡೆಯ ಮೇಲಿನ ಫೈಲನ್ನು ಓರೆಗಣ್ಣಿನಲ್ಲಿ ಓದಿದಳು. ಟೈಪು ಮಾಡಿ ಅಂಟಿಸಿದ ಹೆಸರು ಅವಳದೇ: ‘ಜ್ಯೋತ್ಸ್ನಾ ಖಾರದಪುಡಿ, ಬ್ಯಾಡಗಿ’. ಹಾಗಾದರೆ ಇವರೇ ತನ್ನ ಲೆಕ್ಕ ಬರೆಯುವ ಅಣ್ಣಾಜಿ. ಬಂದು ಕುಳಿತು ಇಷ್ಟು ಹೊತ್ತಾಯಿತು, ಒಂದು ನಮಸ್ಕಾರವಿಲ್ಲ, ಬಂದಿರಾ ಎಂಬ ಮಾತಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು? ಹಾವೇರಿಯ ಈ ಗ್ರಾಹಕರ ಸಂಘ ಇವತ್ತು ಅವಳನ್ನು ಕೈಬಿಟ್ಟರೆ ಅವಳ ಪುಡಿ ಕೊಳ್ಳುವವರು ಬೇರೆ ಇಲ್ಲ. ಅಂಗಡಿಯಿಂದ ಅಂಗಡಿಗೆ ಹೋಗಿ, ‘ನಮ್ಮ ಖಾರ ಒಮ್ಮೆ ನೋಡ್ರಿ’ ಎಂದು ಹಲ್ಲು ಗಿಂಜುವುದಕ್ಕಿಂತ ಯಂತ್ರ ಮಾರುವುದೇ ಲೇಸು ಅನ್ನುವ ಜಾತಿ ಅವಳದು. ಸಂಘವೆಂದರೆ ಸುಖ, ಮಾಲು ಟೆಂಪೋದಲ್ಲಿ ಹೋಗುತ್ತದೆ, ಮಾತು ಬೇಕಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಬಾಯಿಲ್ಲದವರು ಏನು ಮಾಡಬೇಕೆಂದು ಗಾದೆ ಮಾಡಿದವರು ಹೇಳಿಲ್ಲ.

ಅಣ್ಣಾಜಿ ರಾಣೇಬೆನ್ನೂರಿನವರು. ಒಂದೇ ಕೋಣೆ, ಒಬ್ಬರೇ ಕೆಲಸ. ವರ್ಷಗಟ್ಟಲೆ ಅವಳ ಚೀಟಿಗಳು ಕೈಚೀಲದಲ್ಲಿ ಬಸ್ ಕಂಡಕ್ಟರನ ಜೊತೆ ಹೋಗಿ, ಲೆಕ್ಕವಾಗಿ ಹಾಗೇ ಹೊಳ್ಳಿ ಬರುತ್ತಿದ್ದವು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಫೋನು ಮಾಡಿದರೆ ಆ ಕಡೆಯಿಂದ ‘ಹೂಂ’, ಈ ಕಡೆಯಿಂದ ‘ಹೂಂ’, ಅಷ್ಟೇ. ಇಬ್ಬರಿಗೂ ಅದೇ ಹಿತವಾಗಿತ್ತು. ಆದರೆ ವಿಚಾರಣೆಗೆ ಬರಬೇಕೆಂದು ಸಂಘದ ನೋಟಿಸು ಬಂದಾಗ ಪುಣ್ಯಾತ್ಮರು ತಾವಾಗಿ ಬರೆದಿದ್ದರು: ‘ನೀವು ಸುಮ್ಮನೆ ಕೂಡಿರಿ. ನಾನು ಬಂದು ಮಾತಾಡುತ್ತೇನೆ. ತಪಾಸಣೆಯವರು ಬಂದ ಎರಡೂ ಸಲ ನೀವು ಊರಲ್ಲಿರಲಿಲ್ಲ ಎಂದು ಹೇಳೋಣ.’

ಮಾತಾಡಲು ಬಂದವರು ಇವರು. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, ಗೋಡೆಯ ಹಲ್ಲಿಯನ್ನು ನೋಡುತ್ತ ಕುಳಿತಿದ್ದಾರೆ.

“ರೀ, ಏನರ ಮಾತಾಡ್ರಿ,” ಅಂದಳು ಕೊನೆಗೆ. ತನ್ನ ದನಿ ತನಗೇ ಹೊಸದೆನಿಸಿತು. “ಒಳಗ ಹೋದಮ್ಯಾಲೂ ಹಿಂಗ ಕುಂತ್ರ ನನ್ನ ಗತಿ ಏನು?”

ಅವರು ಬೆಚ್ಚಿದರು. ಫೈಲು ನೋಡಿದರು, ಅವಳನ್ನು ನೋಡಿದರು. “ನೀವು... ಬ್ಯಾಡಗಿಯವರೇನ್ರಿ?”

“ಮತ್ತ್ಯಾರು? ಊರಾಗಿರಲಿಲ್ಲ ಅಂತ ಹೇಳೋಣು ಅಂತ ಬರದೀರಿ. ಅದು ನನ್ನ ಕೈಲೆ ಆಗಂಗಿಲ್ಲ. ಸುಳ್ಳು ಹೇಳಬೇಕಂದ್ರ ಇನ್ನೂ ಜಾಸ್ತಿ ಮಾತಾಡಬೇಕಾಕ್ಕತಿ.”

ಅವರು ಅಲ್ಲ ಎಂಬಂತೆ ಕೈ ಎತ್ತಿದರು. ಮತ್ತೆ ಆ ಕೈಯಿಂದಲೇ ಕತ್ತು ಒರೆಸಿಕೊಂಡರು. ಇಂಥ ವಕೀಲಿಕೆಗೆ ನಾನೇ ಸಾಕಿತ್ತು ಅಂದುಕೊಂಡ ಜ್ಯೋತ್ಸ್ನಾಳಿಗೆ ತಾಳ್ಮೆ ಕೆಟ್ಟಿತು. ಜನ್ಮದಲ್ಲಿ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು.

“ಖರೇ ಕೇಳ್ರಿ. ಆ ತಪಾಸಣಿ ಮನಶ್ಯಾ ಬಂದಾಗ ನಾ ಒಳಗ ಇದ್ದೆ. ರಸ್ತೆದ ಆ ಕಡೆ ಸಂಘದ ಸ್ಕೂಟರ್ ನಿಂತದ್ದು ಕಿಟಕಿ ಸಂದಿನ್ಯಾಗಿಂದ ಕಾಣತು. ಬಿಸಲಿಗೆ ಮುಖದ ತುಂಬ ಟವೆಲ್ ಸುತ್ತಿದ್ದ. ಏನೇನ್ ಕೇಳ್ತಾನೋ ಅಂತ ಹೆದರಿ ಯಂತ್ರ ಬಂದ್ ಮಾಡಿದೆ, ಶಟರ್ ಎಳಕೊಂಡೆ, ಎರಡೂ ಕಿವಿ ಗಟ್ಟಿ ಮುಚಗೊಂಡು ಕುಂತೆ. ಎರಡನೇ ಸಲ ಬಂದಾಗೂ ಹಂಗ ಮಾಡಿದೆ.”

“ಕಿವಿ ಮುಚಗೊಂಡಿದ್ರಿ?” ಅವರ ಮುಖದ ಬಣ್ಣ ಇಳಿಯಿತು. “ಹಂಗಾದ್ರ ಬಾಗಲಾ ಬಡದದ್ದು ನಿಮಗ ಕೇಳಿಲ್ಲ?”

“ಹೆಂಗ ಕೇಳಬೇಕು? ಸಾಕಷ್ಟು ಬಡದಿರಬೇಕು ಪಾಪ. ‘ಮೇಲಿಂದ ಮೇಲೆ ಬಾಗಿಲು ಬಡಿದರೂ ಉತ್ತರವಿಲ್ಲ, ಇಲ್ಲಿ ಉದ್ಯೋಗವೇ ಇಲ್ಲ’ ಅಂತ ಬರದೈತಲ್ಲ ನೋಟಿಸಿನ್ಯಾಗ.”

“ಬರದೈತ್ರಿ,” ಅಂದರು ಅವರು, ನೆಲ ನೋಡುತ್ತ.

ಅಷ್ಟರಲ್ಲಿ ಜವಾನ ಮಹಮ್ಮದಗೌಸ ಬಾಗಿಲಿಂದ ತಲೆ ಹೊರಹಾಕಿದ. “ಬ್ಯಾಡಗಿಯವ್ರು ಬರ್ರಿ. ನಿಮ್ಮ ಲೆಕ್ಕದವರು ಎಲ್ಲರಿ?”

ಜ್ಯೋತ್ಸ್ನಾ ಪಕ್ಕಕ್ಕೆ ಕೈ ಮಾಡಿದಳು.

“ಇವರೇನ್ರಿ? ಇವರು ನಮ್ಮ ತಪಾಸಣಿಯವ್ರು, ಮೈಲಾರೆಪ್ಪನವರು. ಹಂಗಾದ್ರ ಮುಂಜಾನಿಂದ ಗೇಟಿನ ಹೊರಗ ಚೀಲಾ ಹಿಡಕೊಂಡು ನಿಂತಾರಲ್ಲ, ಅವರ ಇರಬೇಕು ನಿಮ್ಮವರು. ಒಳಗ ಬರ್ರಿ ಅಂದ್ರ ಬರವಲ್ಲರು.”

ಜ್ಯೋತ್ಸ್ನಾ ಚಾಚಿದ ಕೈ ಹಿಂದೆಳೆದುಕೊಂಡಳು. ಹುಟ್ಟಿ ಬುದ್ಧಿ ಬಂದಾಗಿನಿಂದ ಒಮ್ಮೆ ಮನಬಿಚ್ಚಿ ಮಾತಾಡಿದ್ದು, ಅದೂ ಯಾರ ಮುಂದೆ? ತಾನೇ ಕೊಡಲಿ ಕೊಟ್ಟು ತಾನೇ ಕುತ್ತಿಗೆ ಚಾಚಿದ ಹಾಗಾಯಿತು. ಗೇಟಿನ ಆ ಮಹಾಶಯರ ಮೇಲೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಇನ್ನು ಒಳಗೆ ಹೋಗಿ ಏನು ಮಾಡುವುದು? ಆದರೂ ಹೋದಳು. ಬರುವುದಿಲ್ಲ ಎನ್ನಲಿಕ್ಕೂ ಬಾಯಿ ಬೇಕಲ್ಲ.

ಕಾರ್ಯದರ್ಶಿ ಪ್ರಭುಲಿಂಗಪ್ಪನವರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. “ಹೂಂ, ಮೈಲಾರೆಪ್ಪ. ನೀವ ಮೊದಲ ಹೇಳ್ರಿ. ಇವರ ಬಾಗಲಾ ಬಡದಾಗ ಒಳಗ ಯಾರೂ ಇರಲಿಲ್ಲ, ಹೌದಿಲ್ಲೋ?”

ಫ್ಯಾನು ತಿರುಗುತ್ತಿತ್ತು. ಮೈಲಾರೆಪ್ಪ ಫೈಲನ್ನು ಎದೆಗೆ ಒತ್ತಿ ಹಿಡಿದರು. ಜ್ಯೋತ್ಸ್ನಾ ಕಣ್ಣು ಮುಚ್ಚಿದಳು.

“ನಾ ಬಡದ ಇಲ್ಲರಿ ಸಾಹೇಬ್ರ. ಗುರತಿಲ್ಲದವರ ಕೂಡ ಮಾತಾಡಾಕ ನನಗ ಜೀವಾ ಹೋದಂಗ ಆಕ್ಕತಿ. ಎರಡೂ ಸಲ ರಸ್ತೆದ ಆ ಕಡೆನ ನಿಂತಿದ್ದೆ, ಇವರು ಶಟರ್ ಎಳಕೊಂಡದ್ದು ಕಾಣತು, ದೇವರು ದೊಡ್ಡಾಂವ ಅಂತ ಹೊಳ್ಳಿ ಬಂದಬಿಟ್ಟೆ.”