ಸದ್ದಿಲ್ಲದ ಕಾರು

ಇಂಥದ್ದನ್ನು ಹೇಳುತ್ತಿರುವುದಕ್ಕೆ ಮೊದಲೇ ಕ್ಷಮೆ ಇರಲಿ.

ಪೆಟ್ರೋಲಿಗೂ ಬ್ಯಾಟರಿಗೂ ಓಡುವ, ಕೀ ತಿರುಗಿಸದೆ ಗುಂಡಿ ಒತ್ತಿ ಚಾಲೂ ಮಾಡುವ ಹೈಬ್ರಿಡ್ ಕಾರು ಅದು. ಪಕ್ಕಕ್ಕೆ ಲಾರಿ ಗುದ್ದಿ, ಗೋಡೆಯೊಂದರ ಮುಂದೆ ನಿಂತಿತ್ತು. ಬಾಗಿಲು ಜಾಮಾಗಿ, ಓಡಿಸುತ್ತಿದ್ದ ಹೆಂಗಸು ಹೆದರಿ ಬ್ರೇಕ್ ತುಳಿದುಕೊಂಡೇ ಕೂತಿದ್ದಳು. ಅಗ್ನಿಶಾಮಕ ದಳದ ಈರಣ್ಣ ಅವಳಿಂದ ಕೀ ಇಸಿದುಕೊಂಡು, ಎಂದಿನಂತೆ ಜೇಬಿಗಿಳಿಸಿದ. ಬ್ಯಾಟರಿಯ ವೈರ್ ಬಿಚ್ಚಲು ಅವನ ಜೊತೆಗಾರ ಮೌಲಾಲಿ ಗೋಡೆಗೂ ಕಾರಿಗೂ ನಡುವೆ ತೂರಿಕೊಂಡ.

“ಗಾಲಿಗೆ ಕಲ್ಲು ಇಟ್ಟಿಯೇನಲೇ?”

“ಏ ಪುಕ್ಕಲಾ, ಇಂಜಿನ್ ಬಂದ್ ಆಗೇತಿ, ಸದ್ದು ಎಲ್ಲೈತಿ? ಕೀ ನನ್ ಕಿಸೆದಾಗ ಐತಿ. ನೀ ಬಿಚ್ಚು.”

ಮೌಲಾಲಿ ನಕ್ಕು ಬಗ್ಗಿದ.

ಈರಣ್ಣ ಹೆಂಗಸಿನತ್ತ ತಿರುಗಿದ. “ಇನ್ನ ಹೆದರಬ್ಯಾಡ್ರಿ ಅಕ್ಕಾರೇ, ಬ್ರೇಕಿನ ಮ್ಯಾಲಿಂದ ಕಾಲು ತಗೀರಿ, ಹೊರಗ ಎಳೀತೀನಿ.”

ಅವಳು ಕಾಲು ತೆಗೆದಳು.

ಬಂದ್ ಮಾಡುವ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಗೇರಿನಲ್ಲೇ ಇದ್ದ ಕಾರು ಬ್ಯಾಟರಿಯ ಬಲದಲ್ಲಿ ಸದ್ದೇ ಇಲ್ಲದೆ ಗೋಡೆಯವರೆಗೂ ಸರಿಯಿತು. ಮೌಲಾಲಿ ತನ್ನನ್ನು ಕೂಗಿದನೋ ಇಲ್ಲವೋ ಈರಣ್ಣನಿಗೆ ಇವತ್ತಿಗೂ ಗೊತ್ತಿಲ್ಲ.