ಶ್ಮೂನಿಯಜ್ಜಿಯ ಕೇಕೆ

ಪಾದ್ರಿ ಅಬೂನಾ ಇಸ್ಹಾಕ್ ಮಗುವನ್ನು ಜ್ಞಾನಸ್ನಾನದ ಕಲ್ಲುತೊಟ್ಟಿಯಿಂದ ಮೇಲೆತ್ತಿದರು. ಈಗ ಹೆಂಗಸರು ನಾಲಿಗೆ ಆಡಿಸಿ ಹರ್ಷದ ಕೇಕೆ ಹಾಕಬೇಕು. ತೂರ್ ಅಬ್ದೀನ್ ಸೀಮೆಯ ಕ್ರೈಸ್ತ ಹಳ್ಳಿಗಳ ಪದ್ಧತಿ ಅದು. ಆದರೆ ಸ್ವೀಡನ್ನಿನಿಂದ ಮರಳಿದ್ದ ನಾಲ್ಕು ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಬಂದೂಕಿಗೆ ಹೆದರಿ ಊರಿಗೆ ಊರೇ ಸ್ವೀಡನ್ನಿಗೆ ಗುಳೆ ಹೋದಾಗ ಹಟ ಹಿಡಿದು ಉಳಿದವಳು ಶ್ಮೂನಿಯಜ್ಜಿ. ಮೂವತ್ತಮೂರು ವರ್ಷ ಈ ಕಲ್ಲಿನ ಇಗರ್ಜಿಯ ಕಸ ಗುಡಿಸಿ, ದೀಪ ಹಚ್ಚಿ, ಒಬ್ಬಳೇ ಪ್ರಾರ್ಥನೆ ಹೇಳಿ, ಒಬ್ಬಳೇ ಆಮೆನ್ ಅಂದಿದ್ದಳು. ಕೇಕೆ ಹಾಕುವಂಥದ್ದು ಮಾತ್ರ ಏನೂ ನಡೆದಿರಲಿಲ್ಲ.

ಮಗುವಿನ ತಾಯಿ ನಹ್ರೀನ್ ಧೈರ್ಯ ಮಾಡಿ ಬಾಯಿ ತೆರೆದಳು. ಕೀಚಲು ಸದ್ದೊಂದು ಹೊರಟಿತು.

"ಇದೇನೇ, ಬೆಕ್ಕಿನ ಬಾಯಿಗೆ ಸಿಕ್ಕ ಕೋಳಿ ಥರ!" ಎಂದಳು ಅಜ್ಜಿ.

"ಹಂಗಾದ್ರೆ ನೀವೇ ಹಾಕಿ ಅಜ್ಜಿ. ನಮಗ್ಯಾರು ಕಲಿಸಿದ್ರು?"

"ಹಲ್ಲಿಲ್ಲದ ಬಾಯಲ್ಲಿ ಬರೀ ಗಾಳಿ ಬರುತ್ತೆ ಕಣೇ" ಎನ್ನುತ್ತಲೇ ಅವಳು ಅಂಗೈಯನ್ನು ತುಟಿಗೆ ಅಡ್ಡ ಹಿಡಿದಳು. ಮೊದಲು ಗಾಳಿಯೇ ಬಂತು. ಅಜ್ಜಿ ಮತ್ತೆ ಉಸಿರೆಳೆದಳು. ಈ ಸಲ ಕೇಕೆ ಕಲ್ಲಿನ ಕಮಾನಿಗೆ ಬಡಿದು ಇಗರ್ಜಿಯನ್ನೆಲ್ಲ ತುಂಬಿತು. ಬೆನ್ನಿಗೇ ನಹ್ರೀನ್ ಸೇರಿಕೊಂಡಳು, ಆಮೇಲೆ ಎಲ್ಲ ಹೆಂಗಸರೂ. ಅಬೂನಾ ಪ್ರಾರ್ಥನೆ ಮುಂದುವರಿಸಲು ಮೂರು ಸಲ ಬಾಯಿ ತೆರೆದರು. ಯಾರೂ ಬಿಡಲಿಲ್ಲ.